ಟೇಲರ್ ಹಿಡಿದ ಸಾಣೆ

ನನ್ನ ಷಡ್ಡಕನಿಗೆ ಕೆಲಸ ಕೊಡಿ ಎಂದು ನಾನಾಗಿ ಯಾರ ಕಾಲನ್ನೂ ಹಿಡಿಯುವವನಲ್ಲ. ಹಿಡಿಸಿದವಳು ನನ್ನ ಹೆಂಡತಿ. ಅವಳ ತಂಗಿಯ ಗಂಡ ಟೇಲರ್. ಟೇಲರ್ ಅಂದರೆ ಅಂತಿಂಥ ಟೇಲರ್ ಅಲ್ಲ, ಊರಿನ ಅರ್ಧ ಮದುವೆ ಗಂಡುಗಳ ಕೋಟು ಅವನ ಕೈಯಿಂದಲೇ ಹೊರಟದ್ದು. ಆಮೇಲೆ ಜನಕ್ಕೆ ರೆಡಿಮೇಡ್ ಹುಚ್ಚು ಹಿಡಿಯಿತು. ಕೋಟು ಹೊಲಿಯುತ್ತಿದ್ದವನ ಹತ್ತಿರ ಪ್ಯಾಂಟಿನ ಕಾಲು ಮಡಚಿಸಿಕೊಳ್ಳಲು ಬರತೊಡಗಿದರು. ಕೊನೆಗೆ ಅದಕ್ಕೂ ಬರಲಿಲ್ಲ. ಒಂದು ದಿನ ಅವನು ಅಂಗಡಿಯ ಬಾಗಿಲು ಎಳೆದು, ಹೊಲಿಗೆ ಯಂತ್ರವನ್ನು ಮನೆಗೆ ತಂದು, ಅದರ ಮೇಲೊಂದು ಹಳೆಯ ಬೆಡ್‌ಶೀಟ್ ಹೊದಿಸಿದ. ನನ್ನ ನಾದಿನಿ ಅದರ ಮೇಲೆ ಟಿವಿ ಇಟ್ಟಳು.

ಅಂದಿನಿಂದ ಅವನು ಮನೆಯಲ್ಲಿ ಕೂತ. ಕೂತವನು ಸುಮ್ಮನೆ ಕೂತಿದ್ದರೆ ಒಂದು ಮಾತು. ಪರದೆ ಸೊಟ್ಟಗಿದೆ, ದಿಂಬಿನ ಕವರಿಗೆ ಹೊಲಿಗೆ ಬಿಟ್ಟಿದೆ, ನೀನು ಬಟ್ಟೆ ಮಡಚುವುದು ಸರಿಯಿಲ್ಲ ಎಂದು ದಿನವಿಡೀ ಹೆಂಡತಿಯ ಜೀವ ತಿಂದ. ಆಮೇಲಾಮೇಲೆ ಅದನ್ನೂ ನಿಲ್ಲಿಸಿದ. ಅದೇ ಅವಳಿಗೆ ಭಯವಾದದ್ದು.

"ಭಾವ, ಮೊದಲು ಬೈತಿದ್ರು, ನನಗೂ ಬೈಯೋಕೆ ಸಿಗ್ತಿತ್ತು, ಹೊತ್ತು ಹೋಗ್ತಿತ್ತು," ಎಂದಳು ನಾದಿನಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು. "ಈಗ ಮಾತೇ ಇಲ್ಲ. ಮೀಸೆ ಕೂಡ ಬಾಚ್ತಾ ಇಲ್ಲ. ಹೀಗೇ ಬಿಟ್ರೆ ಮನುಷ್ಯ ಉಳಿಯಲ್ಲ."

ಅವನ ಮೀಸೆಯ ವಿಷಯ ನನಗೆ ಗೊತ್ತಿತ್ತು. ಮದುವೆ ಮನೆಯಲ್ಲಿ ಕೈ ತೊಳೆಯುವ ಮೊದಲು ಮೀಸೆ ನೋಡಿಕೊಳ್ಳುವ ಆಸಾಮಿ ಅದು. ಆ ಮೀಸೆಯನ್ನೇ ಮರೆತಿದ್ದಾನೆ ಎಂದರೆ ಪರಿಸ್ಥಿತಿ ಕೈ ಮೀರಿದೆ ಎಂದೇ ಅರ್ಥ.

ನಾನು ಆಟದ ಮೈದಾನದಲ್ಲಿ ಹುಲ್ಲು ಕತ್ತರಿಸುವ ಗಾಡಿ ಓಡಿಸುವವನು. ಮನೆ ಮುಂದಿನ ಅಂಗೈಯಗಲ ಹುಲ್ಲಿಗೆ ತಳ್ಳಿಕೊಂಡು ಹೋಗುವ ಸಣ್ಣ ಯಂತ್ರವಲ್ಲ ಅದು. ಮೇಲೆ ಸೀಟು, ಕೆಳಗೆ ಅಗಲವಾದ ಕಬ್ಬಿಣದ ಹೊಟ್ಟೆ, ಹೊಟ್ಟೆಯೊಳಗೆ ತಿರುಗುವ ಮೂರು ಬ್ಲೇಡು. ನಾನು ಓಡಿಸುವುದನ್ನು ಬಲ್ಲೆ. ಅದರ ಆರೈಕೆ ಮಾಡುತ್ತಿದ್ದ ಮುದುಕ ನಿವೃತ್ತನಾಗಿ ಹೋಗಿದ್ದ. ಬ್ಲೇಡುಗಳನ್ನು ಸಾಣೆ ಅಂಗಡಿಗೆ ಕಳಿಸಿದರೆ ಅವನು ನಾಳೆ ಬಾ, ನಾಡಿದ್ದು ಬಾ ಎಂದು ಸತಾಯಿಸುತ್ತಿದ್ದ. ಮೈದಾನದ ಮ್ಯಾನೇಜರಮ್ಮನಿಗೆ ಇದೆಲ್ಲ ಸಾಕಾಗಿತ್ತು. ಶೆಡ್ಡಿಗೇ ಒಬ್ಬ ಆಳು ಬೇಕು, ಸಾಣೆಯೂ ಇಲ್ಲೇ ಆಗಬೇಕು ಎಂದರು. ನಾನು ಹಲ್ಲು ಕಚ್ಚಿಕೊಂಡು ಹೋಗಿ ಷಡ್ಡಕನ ವಿಷಯ ಹೇಳಿದೆ.

"ಟೇಲರಾ?" ಎಂದರು ಅವರು ಕನ್ನಡಕದ ಮೇಲಿಂದ ನೋಡಿ.

"ಕತ್ತರಿ ಸಾಣೆ ಹಿಡೀತಾನೆ ಮೇಡಂ. ಯಂತ್ರಕ್ಕೆ ಎಣ್ಣೆ ಬಿಟ್ಟು ಗೊತ್ತು."

"ಬರ್ಲಿ. ಈ ಪಂದ್ಯಾವಳಿ ಮುಗಿಯೋವರೆಗೂ ನೋಡೋಣ. ಕೈಗೆ ಕೆಲಸ ಹತ್ತಿದ್ರೆ ಇರ್ಲಿ, ಇಲ್ಲಾಂದ್ರೆ ನೀವು ನನ್ನ ಮೇಲೆ ಕೂಗಾಡಬಾರದು."

ನಾನು ಎಲ್ಲಿ ಕೂಗಾಡುತ್ತೇನೆ? ಇರಲಿ.

ಮೊದಲ ದಿನ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಅಳತೆಯ ಟೇಪು, ದಾರ ಕಟ್ಟಿದ ಕನ್ನಡಕ. ಗ್ರೀಸು ಮೆತ್ತುವ ಕೆಲಸಕ್ಕೆ ಬಿಳಿ ಅಂಗಿ! ಶೆಡ್ಡಿನಲ್ಲಿದ್ದ ಮಾಲಿಗಳು ಕಿಸಕ್ಕನೆ ನಕ್ಕರು. ಆಗಲೇ ನನಗೆ ಮೈ ಉರಿದಿತ್ತು. ಅಷ್ಟು ಸಾಲದು ಎಂಬಂತೆ ಅವನು ನೆಟ್ಟಗೆ ನನ್ನ ಹತ್ತಿರ ಬಂದು, ನನ್ನ ನೀಲಿ ಸಮವಸ್ತ್ರದ ಭುಜವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದ.

"ಭಾವ, ಇದನ್ನ ಹೊಲಿದೋನು ಕಣ್ಣು ಮುಚ್ಕೊಂಡಿದ್ನಾ? ಒಂದು ತೋಳು ಇನ್ನೊಂದಕ್ಕಿಂತ ಮುಂದೆ ಬಂದಿದೆ."

"ಕೈ ತೆಗಿ. ಇದು ಕಾಯಂ ಆದವರಿಗೆ ಮಾತ್ರ ಕೊಡೋ ಬಟ್ಟೆ. ಮೊದಲು ನೀನು ಕಾಯಂ ಆಗು, ಆಮೇಲೆ ತೋಳು ನೋಡು."

ಅವನು ಬೆರಳು ತೆಗೆದ. ಆದರೆ ಆ ಸಮವಸ್ತ್ರದ ಮೇಲೆ ಅವನ ಕಣ್ಣು ಒಂದು ಗಳಿಗೆ ಹೆಚ್ಚು ನಿಂತಿತು. ಅದು ತೋಳು ನೋಡಿದ ನೋಟವಲ್ಲ ಎಂದು ನನಗೆ ತಿಳಿಯಿತು. ಬೈದದ್ದು ಸ್ವಲ್ಪ ಹೆಚ್ಚಾಯಿತು ಅನ್ನಿಸಿತು. ಹಾಗೆಂದು ಹೇಳುವ ಅಭ್ಯಾಸ ನನಗಿಲ್ಲ.

ಗಾಡಿಯ ಆರೈಕೆ ಅಂದರೆ ಏನೆಂದು ನಿವೃತ್ತನಾದ ಮುದುಕ ಒಂದು ದಿನ ಬಂದು ತೋರಿಸಿಕೊಟ್ಟು ಹೋದ. ಕೀ ತೆಗೆ, ಪ್ಲಗ್ಗಿನ ವಯರು ಕಳಚು, ಜಾಕ್ ಕೊಟ್ಟು ಎತ್ತು, ಅಡಿಗೆ ಮರದ ದಿಮ್ಮಿ ಇಡು. ಹೊಟ್ಟೆಗೆ ಮೆತ್ತಿದ ಹಳೆಯ ಹುಲ್ಲು ಕೆರೆ. ಬ್ಲೇಡು ಬಿಚ್ಚು, ಗ್ರೀಸು ಹೊಡೆ, ಬೆಲ್ಟು ನೋಡು, ಏರ್ ಫಿಲ್ಟರಿನ ದೂಳು ಕೊಡವು, ಎಂಜಿನ್ ತಣ್ಣಗಿದ್ದಾಗ ಎಣ್ಣೆ ನೋಡು. ಸಾಣೆ ಮಾತ್ರ ಆ ಮುದುಕ ತನ್ನ ಜನ್ಮದಲ್ಲಿ ಹಿಡಿದವನಲ್ಲ, ಅದೆಲ್ಲ ಅಂಗಡಿಗೇ ಹೋಗುತ್ತಿತ್ತು.

ಟೇಲರ್ ಕೇಳಿಸಿಕೊಂಡ. ಮಾರನೆಯ ದಿನ ಒಂದು ಹಳೆಯ ಬೆಡ್‌ಶೀಟ್ ತಂದ. ಹೊಲಿಗೆ ಯಂತ್ರದ ಮೇಲೆ ಹೊದಿಸಿದ್ದ ಅದೇ ಬೆಡ್‌ಶೀಟ್. ಅದನ್ನು ನೆಲಕ್ಕೆ ಹಾಸಿ, ಸೀಮೆಸುಣ್ಣದಲ್ಲಿ ಗಾಡಿಯ ಆಕಾರ ಬರೆದ. ಮುಂದಿನ ಎಡಗಡೆ ಬಿಚ್ಚಿದ ಬೋಲ್ಟು ಬಟ್ಟೆಯ ಮೇಲೂ ಮುಂದಿನ ಎಡಗಡೆಗೇ. ನಡುವಿನ ಬ್ಲೇಡಿನ ವಾಷರು ನಡುವಿಗೇ. ಕೋಟು ಬಿಚ್ಚಿ ಭಾಗಭಾಗವಾಗಿ ಮೇಜಿನ ಮೇಲೆ ಹರವಿದಂತೆ ಇಡೀ ಗಾಡಿಯ ಹೊಟ್ಟೆ ಅಲ್ಲಿ ಮಲಗಿತ್ತು. ಅದರ ಪಕ್ಕ ಬಿಳಿ ಅಂಗಿಯವನು ಮಂಡಿಯೂರಿ ಕೂತಿದ್ದ. ಅಂಗಿಗೆ ಒಂದು ಚುಕ್ಕೆ ಕಲೆ ಇರಲಿಲ್ಲ. ಅದು ಹೇಗೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಬಟ್ಟೆ ನೋಡಿದರೆ ಎಣ್ಣೆಯ ಡಬ್ಬಿಯಲ್ಲಿ ಮುಳುಗಿ ಎದ್ದ ಹಾಗಿರುತ್ತದೆ.

"ಬೇಗ ಬೇಗ," ಎಂದೆ ನಾನು. "ಹುಲ್ಲು ನಿನಗೋಸ್ಕರ ಬೆಳೆಯೋದು ನಿಲ್ಸಲ್ಲ."

"ಭಾವ, ಅವಸರದಲ್ಲಿ ಕತ್ತರಿಸಿದ ಬಟ್ಟೇನ ವಾಪಸ್ ಜೋಡಿಸೋಕೆ ಆಗಲ್ಲ."

"ಇದು ಬಟ್ಟೆ ಅಲ್ಲ."

"ಹೌದಾ? ಹಾಗಾದ್ರೆ ನೀವು ಓಡಿಸಿ ಬಂದ ಮೇಲೆ ಮೈದಾನದ ಒಂದು ಪಟ್ಟಿ ಎತ್ತರ, ಒಂದು ಪಟ್ಟಿ ತಗ್ಗು ಯಾಕಿದೆ ಹೇಳಿ?"

ಹುಲ್ಲಿನ ಬೀಜವೇ ಸರಿಯಿಲ್ಲ ಎಂದು ಅಷ್ಟು ಕಾಲ ನಾನು ಬೈಯುತ್ತಿದ್ದದ್ದು ಅದಕ್ಕೇ. ಅವನು ಕೊರಳಿನ ಟೇಪು ತೆಗೆದು ನೆಲದಿಂದ ಹೊಟ್ಟೆಯ ಅಂಚಿಗೆ ನಾಲ್ಕೂ ಮೂಲೆಯಲ್ಲಿ ಅಳೆದ.

"ನೋಡಿ. ಗಾಡಿಯ ಒಂದು ಭುಜ ಇಳಿದಿದೆ. ಎಡಗಡೆ ಟಯರಿಗೆ ಗಾಳಿ ಕಮ್ಮಿ."

ಗಾಳಿ ತುಂಬಿಸಿದ. ಅಂದಿನಿಂದ ಪಟ್ಟಿಗಳು ಸಮನಾದವು. ಮಾಲಿಗಳು ನಗುವುದು ನಿಲ್ಲಿಸಿದರು.

ಕೀ ವಿಷಯಕ್ಕೂ ಅವನದೊಂದು ಪದ್ಧತಿ. ಗಾಡಿಯ ಅಡಿಗೆ ಕೈ ಹಾಕುವ ಮೊದಲು ಕೀ ತೆಗೆದು ಕೊರಳಿನ ಟೇಪಿನ ತುದಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಟೇಪು ಕೊರಳಲ್ಲಿರುವ ತನಕ ಗಾಡಿ ಯಾರಿಗೂ ಇಲ್ಲ. ಬೇಕಾದರೆ ಮ್ಯಾನೇಜರಮ್ಮನೇ ಬರಲಿ. ಕೈ ತೊಳೆದು, ಒರೆಸಿ, ಮೀಸೆ ಮುಟ್ಟಿ ನೋಡಿಕೊಂಡು ಆಮೇಲೆ ಕೀ ನನ್ನ ಕೈಗೆ. ಹೌದು, ಮೀಸೆ ಮತ್ತೆ ನೆಟ್ಟಗಾಗಿತ್ತು. ನಾದಿನಿ ನಮ್ಮ ಮನೆಗೆ ಬಂದು, "ಭಾವ, ನಿನ್ನೆ ರಾತ್ರಿ ಊಟಕ್ಕೆ ಕೂತು ಉಪ್ಪು ಜಾಸ್ತಿ ಅಂತ ಬೈದ್ರು!" ಎಂದು ಹಬ್ಬ ಬಂದ ಹಾಗೆ ಹಿಗ್ಗಿ ಹೇಳಿದಳು.

ಆಮೇಲೆ ಬಂತು ಸಾಣೆ.

ಸಾಣೆ ಅಂಗಡಿಯವನು ಹಿಡಿದು ಕೊಡುತ್ತಿದ್ದ ಬ್ಲೇಡನ್ನು ಮುಟ್ಟಿದರೆ ಬೆಣ್ಣೆ ಸವರುವ ಚಾಕುವಿನಷ್ಟು ಮೊಂಡು. ಕೆಲಸಗಳ್ಳ ಎಂದು ನಾನು ಅವನಿಗೆ ಬೈಯದ ದಿನವಿಲ್ಲ. ಟೇಲರ್ ಹಾಗಲ್ಲ. ಅವನು ಮೊದಲು ಅರದಲ್ಲಿ ಉಜ್ಜಿದ, ಆಮೇಲೆ ದೊಡ್ಡ ಕಲ್ಲಿನಲ್ಲಿ, ಆಮೇಲೆ ತನ್ನ ಅಂಗಡಿಯ ಕತ್ತರಿಗೆ ಹಿಡಿಯುತ್ತಿದ್ದ ನುಣುಪು ಕಲ್ಲಿಗೆ ನೀರು ಬಿಟ್ಟು. ಮೂರೂ ಬ್ಲೇಡು ಮುಗಿಸುವ ಹೊತ್ತಿಗೆ ಶೆಡ್ಡಿನಲ್ಲಿದ್ದವರೆಲ್ಲ ಸುತ್ತ ನಿಂತಿದ್ದರು. ಅವನು ಒಂದು ಹೊಲಿಗೆ ದಾರವನ್ನು ಎತ್ತಿ ಹಿಡಿದು ಬ್ಲೇಡಿನ ಮೇಲೆ ಬಿಟ್ಟ. ದಾರ ಎರಡು ತುಂಡಾಗಿ ನೆಲಕ್ಕೆ ಬಿತ್ತು. ಮಾಲಿಗಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಆ ದಿನ ಕತ್ತರಿಸಿದ ಹುಲ್ಲನ್ನು ನೋಡಬೇಕಿತ್ತು. ಮಖಮಲ್ಲು ಹಾಸಿದ ಹಾಗೆ. ಮ್ಯಾನೇಜರಮ್ಮ ಚಪ್ಪಲಿ ಕಳಚಿ ಅದರ ಮೇಲೆ ನಡೆದರು. ನಾನು ಅವರನ್ನು ಕಂಡಾಗಿನಿಂದ ಹಾಗೆ ಮಾಡಿದ್ದು ಅದೇ ಮೊದಲು.

"ಟೇಲರ್, ಚೆನ್ನಾಗಿದೆ. ಫೈನಲ್ ಪಂದ್ಯ ಮುಗೀಲಿ, ನಿಮ್ಮ ಸಮವಸ್ತ್ರಕ್ಕೆ ಅಳತೆ ಕಳಿಸೋಣ," ಎಂದರು.

ಅವನು ಸಂಜೆ ಮನೆಗೆ ನಡೆದು ಹೋಗುವಾಗ ರಸ್ತೆಯ ಅಂಗಡಿಗಳ ಗಾಜಿನಲ್ಲೆಲ್ಲ ಮೀಸೆ ನೋಡಿಕೊಂಡ.

ಫೈನಲ್ ಹತ್ತಿರ ಬಂತು. ಪ್ರತಿ ವರ್ಷದಂತೆ ಮೈದಾನದ ಸಣ್ಣಪುಟ್ಟ ತಗ್ಗುಗಳು ಮುಚ್ಚಲಿ ಎಂದು ಮಾಲಿಗಳು ಹುಲ್ಲಿನ ಮೇಲೆ ಜರಡಿ ಹಿಡಿದ ಮರಳು ಚೆಲ್ಲಿದರು. ನಾನು ಮೇಲೊಂದು ಸಲ ಗಾಡಿ ಓಡಿಸಿದೆ. ಸಂಜೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಬಂದು ನೋಡಿದೆ. ಹಸಿರು ಹೋಗಿ ಇಡೀ ಮೈದಾನಕ್ಕೆ ಬೂದು ಬಳಿದ ಹಾಗಿತ್ತು. ಹುಲ್ಲಿನ ಒಂದೊಂದು ಎಸಳಿನ ತುದಿಯೂ ಒಣಗಿ ಕಂದಾಗಿತ್ತು. ಮಾರನೆಯ ದಿನವೇ ಫೈನಲ್.

ಮ್ಯಾನೇಜರಮ್ಮ ಆಗಲೇ ಮೈದಾನದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನನ್ನು ಕಂಡದ್ದೇ ತಡ, "ಬನ್ನಿ, ನೋಡಿ ನಿಮ್ಮ ಪ್ರತಾಪ," ಎಂದರು. "ನಿಧಾನವಾಗಿ ಓಡಿಸಿ ಅಂತ ಎಷ್ಟು ಸಲ ಹೇಳಿದ್ದೀನಿ? ಬೆನ್ನಿಗೆ ದೆವ್ವ ಬಿದ್ದ ಹಾಗೆ ಓಡಿಸ್ತೀರಿ. ಹುಲ್ಲೆಲ್ಲ ಕಿತ್ತು ಹೋಗಿದೆ."

ನಾನು ಜೋರಾಗಿ ಓಡಿಸುತ್ತೇನೆ, ನಿಜ. ಆದರೆ ಆ ದಿನ ಮರಳು ಇದೆ ಎಂದು ಆಮೆಯ ಹಾಗೆ ಓಡಿಸಿದ್ದೆ. ಮಾಡದ ತಪ್ಪಿಗೆ ಬೈಸಿಕೊಂಡರೆ ನನಗೆ ತಲೆ ನಿಲ್ಲುವುದಿಲ್ಲ.

"ನಾನು ಓಡಿಸಿದ್ದು ನೀವು ನೋಡಿದ್ರಾ? ಕಣ್ಣಾರೆ ನೋಡಿದ್ರಾ? ಅಷ್ಟು ಕೆಟ್ಟದಾಗಿ ಓಡಿಸ್ತೀನಿ ಅಂದ್ರೆ ಬೇರೆಯವರನ್ನ ಕೂರಿಸ್ಕೊಳ್ಳಿ! ತಗೊಳ್ಳಿ ನಿಮ್ಮ ಕೀ!"

ಕೀ ತೆಗೆದು ಅವರ ಕಾಲ ಬುಡಕ್ಕೆ ಎಸೆದುಬಿಡೋಣ ಎಂದು ಜೇಬಿಗೆ ಕೈ ಹಾಕಿದೆ. ಇರಲಿಲ್ಲ. ಇನ್ನೊಂದು ಜೇಬು ತಡಕಿದೆ. ಅಲ್ಲೂ ಇಲ್ಲ. ಹಿಂದಿನ ಸಂಜೆ ಗಾಡಿ ಶೆಡ್ಡಿಗೆ ಬಿಟ್ಟಾಗಲೇ ಕೊಟ್ಟಿದ್ದೆ, ಕೀ ಎಲ್ಲಿರಬೇಕೋ ಅಲ್ಲೇ ಇತ್ತು, ಟೇಲರಿನ ಕೊರಳಿನ ಟೇಪಿನಲ್ಲಿ. ಎಸೆಯಲು ಏನೂ ಸಿಗದೆ ನಾನು ಕೈ ಎತ್ತಿಕೊಂಡು ಬೆಪ್ಪನ ಹಾಗೆ ನಿಂತೆ. ನನ್ನ ಅನ್ನ ಆ ದಿನ ಉಳಿದದ್ದು ಹಾಗೆ.

ಟೇಲರ್ ನಮ್ಮಿಬ್ಬರ ಕಡೆ ನೋಡುತ್ತಲೇ ಇರಲಿಲ್ಲ. ಬಿಳಿ ಅಂಗಿಯಲ್ಲೇ ಹುಲ್ಲಿನ ಮೇಲೆ ಮಂಡಿಯೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದ್ದ. ಒಂದು ಎಸಳು ಕಿತ್ತು ಕನ್ನಡಕದ ಹತ್ತಿರ ಹಿಡಿದ. ಇನ್ನೊಂದು ಕಿತ್ತ. ಆಮೇಲೆ ಎದ್ದು ಶೆಡ್ಡಿಗೆ ಓಡಿದ. ನಾವಿಬ್ಬರೂ ಜಗಳ ಬಿಟ್ಟು ಅವನ ಹಿಂದೆ ಹೋದೆವು.

ಅವನು ಗಾಡಿಯ ಪ್ಲಗ್ಗಿನ ವಯರು ಕಳಚಿ, ಜಾಕ್ ಕೊಟ್ಟು ಎತ್ತಿ, ದಿಮ್ಮಿ ಇಟ್ಟು ಒಳಗೆ ಕೈ ಹಾಕಿದ್ದ. ಅಷ್ಟು ಆತುರದಲ್ಲೂ ಒಂದನ್ನೂ ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಬ್ಲೇಡಿನ ಬಾಯಿ ಸವರಿದ. ಅವನ ಮುಖ ಬಿಳುಚಿಕೊಂಡಿತು.

ನನಗೆ ಆಗಲೇ ಅರ್ಥವಾಗಿತ್ತು. ಅವನ ಕಣ್ಣಿಗೆ ಕಣ್ಣು ಕೊಟ್ಟು ಬೇಡ ಎಂದು ತಲೆ ಆಡಿಸಿದೆ. ನನ್ನ ಮೇಲಾದರೆ ನಾಲ್ಕು ಬೈಗುಳ ಬೀಳುತ್ತವೆ, ಕಾಯಂ ಆದವನನ್ನು ಅಷ್ಟು ಸುಲಭಕ್ಕೆ ಕಳಿಸಲಾರರು. ಇವನ ಕಥೆ ಹಾಗಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವನ ಕೆಲಸ ಉಳಿಯುತ್ತಿತ್ತು.

ಅವನು ಎದ್ದು ನಿಂತು, ಅಂಗಿ ಸರಿ ಮಾಡಿಕೊಂಡು, ಮೈದಾನದ ಆಚೆ ತುದಿಗೂ ಕೇಳುವ ಹಾಗೆ ಹೇಳಿದ. ಅಂಗಡಿಯ ಗದ್ದಲದಲ್ಲಿ ಮಾತಾಡಿ ರೂಢಿಯಾದ ಗಂಟಲು ಅದು.

"ಮೇಡಂ, ಭಾವನಿಗೆ ಬೈಬೇಡಿ. ಕೆಡಿಸಿದ್ದು ನಾನು."

"ನೀವಾ?"

"ಕತ್ತರಿಗೆ ಕೊಡೋ ಸಾಣೆ ಇದಕ್ಕೆ ಕೊಟ್ಟುಬಿಟ್ಟೆ. ಕತ್ತರಿ ಬಟ್ಟೆ ಬಿಟ್ರೆ ಬೇರೇನೂ ಮುಟ್ಟಲ್ಲ. ಇದು ಮಣ್ಣು ಮುಟ್ಟುತ್ತೆ, ಮರಳು ಮುಟ್ಟುತ್ತೆ. ಬಾಯಿ ತೀರಾ ತೆಳ್ಳಗಾಗಿತ್ತು, ಮರಳು ತಾಗಿ ಮಡಚಿಕೊಂಡಿದೆ. ಮುಟ್ಟಿ ನೋಡಿ, ಪ್ಯಾಂಟಿನ ಕಾಲು ಮಡಚಿದ ಹಾಗಿದೆ. ಹುಲ್ಲನ್ನ ಕತ್ತರಿಸಿಲ್ಲ ಇದು, ಹಿಡಿದು ಹರಿದಿದೆ. ಹರಿದ ಬಟ್ಟೆ ನೂಲು ಬಿಡೋ ಹಾಗೆ ತುದಿ ನೂಲು ಬಿಟ್ಟು ಒಣಗಿದೆ." ಒಂದು ಸಲ ಉಸಿರೆಳೆದುಕೊಂಡ. "ಜೀನ್ಸ್ ಬಟ್ಟೆಗೆ ರೇಷ್ಮೆ ಹೊಲಿಯೋ ಸೂಜಿ ಹಾಕಿದ್ದೀನಿ ನಾನು. ಬೇರೆ ಟೇಲರ್ ಹೀಗೆ ಮಾಡಿದ್ರೆ ಬಾಗಿಲಲ್ಲೇ ನಿಲ್ಸಿ ಬೈತಿದ್ದೆ."

ನಾನು ನನ್ನ ಜನ್ಮದಲ್ಲಿ ಹಾಗೆ ಮಾತಾಡಿದವನಲ್ಲ. ತಪ್ಪು ನನ್ನದಾದರೂ ಮೊದಲು ಗಾಡಿಗೆ ಬೈಯುತ್ತೇನೆ, ಆಮೇಲೆ ಹುಲ್ಲಿಗೆ, ಆಮೇಲೆ ಎದುರಿಗೆ ಸಿಕ್ಕವರಿಗೆ. ಇವನು ತನ್ನ ತಪ್ಪನ್ನು ಗಿರಾಕಿಗೆ ಬಟ್ಟೆ ಬಿಡಿಸಿ ತೋರಿಸುವ ಹಾಗೆ ಬಿಡಿಸಿ ತೋರಿಸಿದ. ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೂ ತೋರಿಸಿದ. ನನಗೆ ಅವನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಮ್ಯಾನೇಜರಮ್ಮ ಬ್ಲೇಡನ್ನು ತಾವೇ ಮುಟ್ಟಿ ನೋಡಿದರು. ಅವರಿಗೂ ಹುಲ್ಲಿನ ವಿಷಯ ಗೊತ್ತು, ಸುಮ್ಮನೆ ಕುರ್ಚಿಯಲ್ಲಿ ಕೂತು ಬಂದವರಲ್ಲ.

"ಸರಿ ಮಾಡೋಕೆ ಆಗುತ್ತಾ?"

"ಸಾಣೆ ಬೇರೆ ಹಿಡೀತೀನಿ. ಹೋದ ಸಲಕ್ಕಿಂತ ಒಂದು ನೂಲು, ಅಂದ್ರೆ ಅರೆಕಾಲು ಇಂಚು, ಕೆಳಗೆ ಕತ್ತರಿಸಿದ್ರೆ ಒಣಗಿದ ತುದಿ ಹೋಗುತ್ತೆ, ಹಸಿರು ಉಳಿಯುತ್ತೆ."

"ಜಾಸ್ತಿ ಕೆಳಗೆ ಹೋದ್ರೆ ಬುಡ ಬೋಳಾಗುತ್ತೆ."

"ಗೊತ್ತು ಮೇಡಂ."

ಅವರು ನನ್ನ ಕಡೆ ಒಂದು ಸಲ, ಅವನ ಕಡೆ ಒಂದು ಸಲ ನೋಡಿದರು. "ನಾಳೆ ಬೆಳಿಗ್ಗೆ ಬರ್ತೀನಿ. ಸರಿ ಇದ್ರೆ ಸರಿ. ಇಲ್ಲಾಂದ್ರೆ ಬ್ಲೇಡು ಮತ್ತೆ ಸಾಣೆ ಅಂಗಡಿಗೆ, ಟೇಲರ್ ಮನೆಗೆ."

ಅವರು ಹೋದ ಮೇಲೆ ನಾನು ಅವನಿಗೆ ಸರಿಯಾಗಿ ಉಗಿದೆ. "ನಿನಗೆ ಬುದ್ಧಿ ಇದೆಯಾ? ನಾನು ತಲೆ ಆಡ್ಸಿದ್ದು ಕಾಣಲಿಲ್ವಾ?"

"ಕಾಣಿಸ್ತು ಭಾವ. ನೀವು ತಲೆ ಆಡ್ಸಿದ್ರೆ ಮೀಸೆ ಇಲ್ದೇ ಇರೋದು ಎದ್ದು ಕಾಣುತ್ತೆ."

ಇಂಥವನ ಜೊತೆ ಏನು ಜಗಳ ಆಡುವುದು?

ಅವನು ಬೆಡ್‌ಶೀಟ್ ಹಾಸಿದ. ಮೂರೂ ಬ್ಲೇಡು ಬಿಚ್ಚಿ ಅದರದರ ಜಾಗದಲ್ಲಿಟ್ಟ. ಸಾಣೆ ಎಷ್ಟು ಓರೆ ಇರಬೇಕು ಎನ್ನುವುದೇ ಪ್ರಶ್ನೆಯಾಗಿತ್ತು. ಊಹೆ ಮಾಡಿ ಇನ್ನೊಮ್ಮೆ ತಪ್ಪಿದರೆ ಮುಗಿದೇ ಹೋಯಿತು. ಅವನು ಶೆಡ್ಡಿನ ಗೋಡೆಗಳನ್ನೆಲ್ಲ ನೋಡುತ್ತಾ ಸುತ್ತಿದ. ಮೂಲೆಯಲ್ಲಿ, ಹಳೆಯ ಬೆಲ್ಟುಗಳ ಹಿಂದೆ, ಹೆಚ್ಚುವರಿ ಬ್ಲೇಡೊಂದು ನೇತಾಡುತ್ತಿತ್ತು. ಸಾಣೆ ಅಂಗಡಿಯಿಂದ ಬಂದದ್ದು ಹಾಗೇ ಉಳಿದಿತ್ತು. ಅದೇ ನಾನು ಬೈಯುತ್ತಿದ್ದ ಮೊಂಡು ಸಾಣೆ.

ಟೇಲರ್ ಅದನ್ನು ಇಳಿಸಿ, ದೂಳು ಒರೆಸಿ, ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. "ಭಾವ, ಆ ಮನುಷ್ಯ ಕೆಲಸಗಳ್ಳ ಅಲ್ಲ. ಬೇಕಂತಲೇ ಇಷ್ಟಕ್ಕೆ ನಿಲ್ಸಿದ್ದಾನೆ. ಕೈ ನೋಡಿ ಎಷ್ಟು ಸಮ ಇದೆ."

"ಅವನನ್ನ ಆಮೇಲೆ ಹೊಗಳು. ಇದೇ ಓರೆ ನಿನ್ನ ಕೈಗೆ ಹೇಗೆ ಬರುತ್ತೆ?"

"ಮೊದಲು ಮಾದರಿ ಕತ್ತರಿಸಬೇಕು."

ಹೊಸ ಫಿಲ್ಟರ್ ಬಂದಿದ್ದ ರಟ್ಟಿನ ಡಬ್ಬಿ ಹುಡುಕಿ ತಂದ. ಅದರ ಒಂದು ತುಂಡನ್ನು ಆ ಬ್ಲೇಡಿನ ಬಾಯಿಗೆ ಅಡ್ಡಲಾಗಿ ಹಿಡಿದು, ಬೆಳಕಿನಲ್ಲಿ ನೋಡುತ್ತಾ, ಸ್ವಲ್ಪ ಸ್ವಲ್ಪವೇ ಕತ್ತರಿಸಿದ. ಹಿಡಿದು ನೋಡುವುದು, ಕೂದಲೆಳೆಯಷ್ಟು ಕತ್ತರಿಸುವುದು, ಮತ್ತೆ ಹಿಡಿದು ನೋಡುವುದು. ಕೊನೆಗೆ ರಟ್ಟಿಗೂ ಕಬ್ಬಿಣಕ್ಕೂ ನಡುವೆ ಬೆಳಕು ತೂರದ ಹಾಗೆ ಕೂತಿತು. ಕೋಟಿನ ಕಾಲರಿಗೆ ಕಾಗದದ ಮಾದರಿ ಮಾಡಿಕೊಂಡ ಹಾಗೆ ಅವನು ಸಾಣೆಗೂ ಮಾದರಿ ಮಾಡಿಕೊಂಡಿದ್ದ. ಗಾಡಿಯ ಮೇಲೆ ಅಷ್ಟು ಕಾಲ ಕೂತ ನನಗೆ ಇದು ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ಆಮೇಲೆ ಗ್ರೈಂಡರ್ ಹಿಡಿದ. ಕಿಡಿ ಹಾರುವಾಗ ಒತ್ತಿ ಹಿಡಿಯದೆ, ಇಸ್ತ್ರಿ ಪೆಟ್ಟಿಗೆ ಎಳೆದ ಹಾಗೆ ಉದ್ದಕ್ಕೆ ಎಳೆಯುತ್ತಾ ಹೋದ. ಎರಡೆಳೆತಕ್ಕೊಮ್ಮೆ ನಿಲ್ಲಿಸಿ, ಕೈಯಿಂದ ಮುಟ್ಟಿ ಬಿಸಿ ನೋಡಿ, ಒದ್ದೆ ಬಟ್ಟೆ ಸುತ್ತಿ ಆರಿಸಿ, ರಟ್ಟಿನ ಮಾದರಿ ಇಟ್ಟು ಪರೀಕ್ಷೆ ಮಾಡಿದ. ನುಣುಪು ಕಲ್ಲನ್ನು ಮುಟ್ಟಲೇ ಇಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದ.

ಸಾಣೆ ಮುಗಿದ ಬ್ಲೇಡನ್ನು ಗೋಡೆಯ ಮೊಳೆಗೆ ನಡುವಿನ ತೂತಿನಲ್ಲಿ ಸಿಕ್ಕಿಸಿದ. ಒಂದು ತುದಿ ಮೆಲ್ಲಗೆ ಕೆಳಗಿಳಿಯಿತು. ಅಂದರೆ ಆ ಕಡೆ ಭಾರ. ತೂಕ ಹೆಚ್ಚುಕಮ್ಮಿಯಾದ ಬ್ಲೇಡು ತಿರುಗಿದರೆ ಇಡೀ ಗಾಡಿ ನಡುಗುತ್ತದೆ. ಇಳಿದ ತುದಿಯ ಹಿಂಬದಿ ಸ್ವಲ್ಪ ಉಜ್ಜಿದ, ಮತ್ತೆ ಸಿಕ್ಕಿಸಿದ. ಮತ್ತೆ ಇಳಿಯಿತು, ಮತ್ತೆ ಉಜ್ಜಿದ. ಹೀಗೆ ಎಷ್ಟು ಸಲವೋ. ನಾನು ಹಲ್ಲು ಕಡಿಯುತ್ತಾ ಬಾಗಿಲಿಗೂ ಬ್ಲೇಡಿಗೂ ಓಡಾಡಿದೆ.

"ಸಾಕಲ್ಲೋ, ನೆಟ್ಟಗೇ ಇದೆ!"

"ನಿಮ್ಮ ಸಮವಸ್ತ್ರ ಹೊಲಿದೋನೂ ಹೀಗೇ ಅಂದಿರ್ತಾನೆ."

ಕೊನೆಗೆ ಮೊಳೆಯ ಮೇಲೆ ಬ್ಲೇಡು ಅಡ್ಡಲಾಗಿ ನಿಂತಿತು. ಎರಡೂ ತುದಿ ಅಲುಗಲಿಲ್ಲ. ಗಾಳಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ಹಕ್ಕಿಯ ಹಾಗಿತ್ತು. ನಾನು ಓಡಾಟ ನಿಲ್ಲಿಸಿ ನೋಡಿದೆ. ಅಷ್ಟು ವರ್ಷ ನಾನು ಅದರ ಮೇಲೆ ಕೂತು ಓಡಿಸಿದ್ದೆ. ಅದು ಅಷ್ಟು ಚಂದ ಎಂದು ಯಾವತ್ತೂ ನೋಡಿರಲಿಲ್ಲ.

ಮೂರೂ ಹಾಗೇ ಆದವು. ಗ್ರೀಸು ಹೊಡೆದ, ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ಬಿಗಿ ನೋಡಿದ, ಬ್ಲೇಡು ಕೂರಿಸಿ ಬೋಲ್ಟು ಬಿಗಿದ. ಟಯರಿನ ಗಾಳಿ ನೋಡಿದ. ಟೇಪು ಹಿಡಿದು ನಾಲ್ಕೂ ಮೂಲೆ ಅಳೆದು ಹೊಟ್ಟೆಯನ್ನು ಒಂದು ನೂಲು ಇಳಿಸಿದ. ಬೆಡ್‌ಶೀಟಿನ ಮೇಲೆ ಒಂದು ವಾಷರೂ ಉಳಿಯಲಿಲ್ಲ. ಆಮೇಲೆ ಕೈ ತೊಳೆದು ಒರೆಸಿಕೊಂಡ. ಆ ದಿನ ಮೀಸೆ ಮುಟ್ಟಿ ನೋಡಿಕೊಳ್ಳಲಿಲ್ಲ. ಟೇಪಿನಿಂದ ಕೀ ಬಿಡಿಸಿ ನನ್ನ ಅಂಗೈಯಲ್ಲಿಟ್ಟ.

"ಭಾವ, ಇನ್ನು ನಿಮ್ಮ ಕೈಲಿದೆ."

ಬಿಸಿಲು ಇಳಿಯುತ್ತಿತ್ತು, ಹುಲ್ಲಿನ ಮೇಲಿನ ತೇವ ಆರಿತ್ತು. ನಾನು ಹತ್ತಿ ಕೂತೆ. ಗಾಡಿ ಶುರುವಾದಾಗ ಮೊದಲಿನ ಹಾಗೆ ನಡುಕ ಇರಲಿಲ್ಲ, ಜೇನು ಗುಂಯ್ಗುಟ್ಟಿದ ಹಾಗೆ ಒಂದೇ ಸ್ವರ. ಹಿಂದಿನ ಸಲ ಉದ್ದಕ್ಕೆ ಓಡಿಸಿದ್ದೆ, ಈ ಸಲ ಅಡ್ಡಕ್ಕೆ. ದೆವ್ವ ಬಿಡಿ, ದೇವರೇ ಬೆನ್ನಿಗೆ ಬಿದ್ದರೂ ಜೋರು ಮಾಡುವುದಿಲ್ಲ ಎಂದು ನಿಶ್ಚಯಿಸಿದ್ದೆ. ಟೇಲರ್ ಗೆರೆಯಾಚೆ ನನ್ನ ಜೊತೆಜೊತೆಗೇ ನಡೆದು ಬಂದ. ಮರಳು ಇನ್ನೂ ಹಾಗೇ ಇತ್ತು. ಒಳಗೆ ಅದು ಬ್ಲೇಡಿಗೆ ತಾಗಿ ಚರಚರ ಎಂದಾಗಲೆಲ್ಲ ಅವನ ಮುಖ ಕಿವುಚಿಕೊಳ್ಳುತ್ತಿತ್ತು, ಯಾರೋ ಅವನ ಮೈಯನ್ನೇ ಪರಚಿದ ಹಾಗೆ.

ಅರ್ಧ ಮೈದಾನ ಮುಗಿದಾಗ ಅವನು ಕೈ ಎತ್ತಿದ. ನಿಲ್ಲಿಸಿದೆ. ಏನೂ ಕೇಳದೆ ಕೀ ತೆಗೆದು ಕೊಟ್ಟೆ. ಅವನು ಅದನ್ನು ಟೇಪಿಗೆ ಸಿಕ್ಕಿಸಿ, ವಯರು ಕಳಚಿ, ಹೊಟ್ಟೆ ಎತ್ತಿಸಿ ದಿಮ್ಮಿ ಇಟ್ಟು, ನೆಲದ ಮೇಲೆ ಮಲಗಿ ಕೈ ಹಾಕಿದ. ಬಿಳಿ ಅಂಗಿಯ ಬೆನ್ನಿಗೆ ಹಸಿರು, ಮಣ್ಣು, ಮರಳು ಎಲ್ಲ ಮೆತ್ತಿಕೊಂಡಿತು. ಅವನು ಲೆಕ್ಕಿಸಲೇ ಇಲ್ಲ. ನಾನು ಪಕ್ಕದಲ್ಲೇ ನಿಂತೆ. ಮಾಲಿಗಳೂ ನೀರಿನ ಪೈಪು ಕೈಯಲ್ಲಿ ಹಿಡಿದವರು ಹಾಗೇ ನಿಂತಿದ್ದರು.

ಅಡಿಯಿಂದ ದನಿ ಬಂತು. "ಬಾಯಿ ಮಡಚಿಲ್ಲ ಭಾವ. ಹಾಗೇ ನಿಂತಿದೆ."

"ಮೂರೂ ನೋಡು."

"ಮೂರೂ ನೋಡಿದೆ."

"ಇನ್ನೊಂದ್ಸಲ ನೋಡು!" ಎಂದೆ. ಅವಸರ ಮಾಡದೆ ಇನ್ನೊಮ್ಮೆ ನೋಡು ಎಂದು ನಾನು ಹೇಳಿದೆ ಎಂದು ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬೇರೊಂದು ಬಿಳಿ ಅಂಗಿಯಲ್ಲಿ ಬಂದ. ಮೀಸೆ ಬಾಚಿರಲಿಲ್ಲ. ಶೆಡ್ಡಿನಲ್ಲಿ ಬೆಡ್‌ಶೀಟನ್ನು ಮಡಚಿ ಚೀಲಕ್ಕೆ ಹಾಕಿಟ್ಟಿದ್ದ. ಹೋಗಬೇಕಾಗಿ ಬಂದರೆ ತಡವಾಗಬಾರದು ಎಂದಿರಬೇಕು. ಅದನ್ನು ಕಂಡು ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಚೀಲ ಕಿತ್ತುಕೊಂಡು ಬೆಡ್‌ಶೀಟನ್ನು ಹೊರಗೆಳೆದು ನೆಲಕ್ಕೆ ಬಿಸಾಡಿದೆ. "ಇಲ್ಲೇ ಇರ್ಲಿ ಇದು!" ಎಂದು ಕೂಗಿದೆ.

ಮ್ಯಾನೇಜರಮ್ಮ ಮೈದಾನದ ನಡುವೆ ನಿಂತಿದ್ದರು. ಬೂದು ಬಣ್ಣ ಎಲ್ಲೂ ಇರಲಿಲ್ಲ. ಅಡ್ಡಡ್ಡ ಪಟ್ಟಿಗಳು ಒಂದು ತಿಳಿ, ಒಂದು ಕಡು ಹಸಿರು, ಸರಿಯಾಗಿ ನೇಯ್ದ ಬಟ್ಟೆಯ ಹಾಗೆ ಆ ಗೋಲಿನಿಂದ ಈ ಗೋಲಿನವರೆಗೂ ಹಾಸಿದ್ದವು. ಬುಡ ಎಲ್ಲೂ ಬೋಳಾಗಿರಲಿಲ್ಲ. ಅಷ್ಟಾದರೂ ಅವರು ನಂಬುವವರಲ್ಲ. ಇಲ್ಲೊಂದು ಎಸಳು, ಅಲ್ಲೊಂದು ಎಸಳು, ಗೋಲಿನ ಹತ್ತಿರ ಒಂದು, ಮೂಲೆಯಲ್ಲಿ ಒಂದು ಕಿತ್ತು ತುದಿ ನೋಡುತ್ತಾ ಹೋದರು. ನಾವಿಬ್ಬರೂ ಗೆರೆಯಾಚೆ ನಿಂತಿದ್ದೆವು. ಟೇಲರ್ ಟೇಪಿನ ಎರಡು ತುದಿಯನ್ನೂ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ.

ಅವರು ವಾಪಸ್ ಬಂದು ಎಸಳೊಂದನ್ನು ಅವನ ಮುಂದೆ ಹಿಡಿದರು. "ತುದಿ ನೂಲು ಬಿಟ್ಟಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವರ ಅಳತೆ ತಗೊಂಡು ಆಫೀಸಿಗೆ ಕಳಿಸಿ. ಪಂದ್ಯ ಮುಗಿಯೋವರೆಗೂ ಯಾಕೆ ಕಾಯೋದು," ಎಂದು ಹೇಳಿ ಗೇಟಿನ ಕಡೆ ನಡೆದರು. ನಿನ್ನೆ ನನಗೆ ಬೈದದ್ದಕ್ಕೆ ಒಂದು ಮಾತೂ ಹೇಳಲಿಲ್ಲ. ಅವರೂ ನನ್ನ ಜಾತಿಯೇ.

ಟೇಲರ್ ಅಲ್ಲೇ ನಿಂತಿದ್ದ. ಎಷ್ಟೋ ಜನರ ಅಳತೆ ತೆಗೆದವನು ತನ್ನ ಅಳತೆ ತಾನೇ ತೆಗೆಯುವಂತಿರಲಿಲ್ಲ. ಟೇಪನ್ನು ಕೊರಳಿಂದ ತೆಗೆದು, ಒಂದು ಗಳಿಗೆ ಯೋಚಿಸಿ ನನ್ನ ಕೈಗೆ ಕೊಟ್ಟ.

"ಭುಜದಿಂದ ಶುರು ಮಾಡಿ ಭಾವ. ಅಲ್ಲಿ ಅಲ್ಲ, ಮೂಳೆಯ ಮೇಲೆ. ಟೇಪು ತಿರುಚಿದೆ, ಬಿಡಿಸ್ಕೊಳ್ಳಿ. ಗಾಡಿ ಸ್ಟೇರಿಂಗ್ ಹಿಡಿದ ಹಾಗೆ ಹಿಡೀಬೇಡಿ, ಮೆತ್ತಗೆ."

"ಬಾಯಿ ಮುಚ್ಕೊಂಡು ನಿಲ್ಲು."

"ಹೊಲಿದು ಬಂದ ಮೇಲೆ ತೋಳು ನಾನೇ ಬಿಚ್ಚಿ ಸರಿ ಮಾಡ್ತೀನಿ. ನಿಮ್ಮದೂ ಕೊಡಿ, ಜೊತೆಗೆ ಮಾಡಿಬಿಡ್ತೀನಿ. ಹೊಲಿಗೆ ಯಂತ್ರದ ಮೇಲಿಂದ ಟಿವಿ ಇಳಿಸೋಕೆ ಅವಳಿಗೆ ಹೇಳ್ಬೇಕು."

ಎದೆಯ ಸುತ್ತ ಟೇಪು ತಂದೆ. ಎಷ್ಟು ಎಳೆದರೂ ಅಂಕಿ ನಿಲ್ಲಲಿಲ್ಲ. ನೋಡಿದರೆ ಅವನು ಎದೆ ಉಬ್ಬಿಸಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ. ನಿನ್ನೆ ಬೆಳಿಗ್ಗೆಯಿಂದ ಹಾಗೇ ಬಿಗಿಹಿಡಿದಿದ್ದನೇನೋ.

"ಉಸಿರು ಬಿಡೋ," ಎಂದೆ.

ಅವನು ಬಿಟ್ಟ. ಆಮೇಲೆ ಅಳತೆ ಸರಿಯಾಗಿ ಸಿಕ್ಕಿತು.